ಬಿಸಿ ಹಾಲು ಕುಡಿದ ಬೆಕ್ಕು ಮತ್ತು ಮಗಳ ಹೊಸ ಲ್ಯಾಪ್‌ಟಾಪ್

ಹತ್ತನೆಯದೋ ಹನ್ನೆರಡನೆಯದೋ ಮುಗಿದಿದೆ. ಮಗಳು ಮುಂದೆ ಡಿಪ್ಲೊಮಾಕ್ಕೋ ಬಿಸಿಎಗೋ ಹೋಗುತ್ತಾಳೆ ಎಂದು ಗೊತ್ತಾಗಿದೆ. ಲ್ಯಾಪ್‌ಟಾಪ್ ಬೇಕು. ನೀವು ಕಾಸರಗೋಡಿನವರಾದರೆ ಮಂಗಳೂರಿನ ಬಸ್ಸು ಹತ್ತುತ್ತೀರಿ, ರಾಯದುರ್ಗದವರಾದರೆ ಬಳ್ಳಾರಿಗೆ, ತಾಳವಾಡಿಯವರಾದರೆ ಚಾಮರಾಜನಗರಕ್ಕೆ, ಜತ್ತದವರಾದರೆ ವಿಜಯಪುರಕ್ಕೆ ಹೋಗುತ್ತೀರಿ. ಅಂಗಡಿಯಲ್ಲಿ ಸಾಲಾಗಿ ತೆರೆದಿಟ್ಟ ಹತ್ತು ಹನ್ನೆರಡು ಯಂತ್ರಗಳು. ಯಾವುದರ ಒಳಗೆ ಏನಿದೆ ಎಂದು ನಿಮಗೆ ಗೊತ್ತಿಲ್ಲ, ಅಂಗಡಿಯ ಹುಡುಗನಿಗೂ ಅಷ್ಟಕ್ಕಷ್ಟೇ. ಆದರೆ ಒಂದು ಮಾತು ಮಾತ್ರ ನಿಮ್ಮ ಬಾಯಿಂದ ಖಚಿತವಾಗಿ ಬರುತ್ತದೆ: "ಯಾವುದಾದರೂ ತೋರಿಸಪ್ಪಾ, ಆ ಕಂಪನಿಯದೊಂದು ಬಿಟ್ಟು."

ಯಾಕೆ ಬೇಡ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. ಭಾವನವರು ತಂದಿದ್ದು ಹದಿನಾಲ್ಕೇ ತಿಂಗಳಿಗೆ ಕೆಟ್ಟಿತು, ವಾರಂಟಿ ಮುಗಿದು ಎರಡು ತಿಂಗಳಾಗಿತ್ತು, ಮದರ್‌ಬೋರ್ಡ್ ಬದಲಿಸಲು ಹೊಸದರ ಅರ್ಧ ಬೆಲೆ ಕೇಳಿದರು. ಅಲ್ಲಿಗೆ ಆ ಕಂಪನಿಯ ಕತೆ ನಿಮ್ಮ ಮನೆತನದಲ್ಲಿ ಮುಗಿಯಿತು. ಎಂಟು ವರ್ಷವಾದರೂ, ಭಾವನವರೇ ಮರೆತರೂ, ನೀವು ಮರೆಯುವುದಿಲ್ಲ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಿಮಗೆ ಗೊತ್ತು. ಕೃಷ್ಣದೇವರಾಯ ಕೊಟ್ಟ ಬೆಕ್ಕಿಗೆ ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟ. ನಾಲಿಗೆ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೆ ಸಾಕು, ಓಡಿಹೋಗುತ್ತಿತ್ತು. ಈ ಕತೆ ಕೇಳಿ ನಾವೆಲ್ಲ ರಾಮಕೃಷ್ಣನ ಜಾಣತನಕ್ಕೆ ನಕ್ಕಿದ್ದೇವೆ. ಬೆಕ್ಕಿನ ಕಡೆಯಿಂದ ನೋಡಿದರೆ ಅದು ದಡ್ಡತನವೇನೂ ಅಲ್ಲ, ತನಗೆ ಸಿಕ್ಕ ಒಂದೇ ಒಂದು ಅನುಭವದಿಂದ ಕಲಿಯಬಹುದಾದುದನ್ನು ಅದು ಕಲಿಯಿತು. ಆದರೆ ಕಲಿಯಬೇಕಾದದ್ದು ಬಿಸಿಯ ಬಗ್ಗೆ, ಕಲಿತದ್ದು ಹಾಲಿನ ಬಗ್ಗೆ. ಲ್ಯಾಪ್‌ಟಾಪ್ ವಿಷಯದಲ್ಲಿ ನಮ್ಮ ಮನೆಗಳಲ್ಲೂ ಹೆಚ್ಚಾಗಿ ಆಗುವುದು ಇದೇ.

ನಷ್ಟದ ನೋವು ಲಾಭದ ಸಂತೋಷಕ್ಕಿಂತ ಹೆಚ್ಚು ತೂಗುತ್ತದೆ ಎಂಬುದನ್ನು 1979ರಲ್ಲಿ ಡೇನಿಯಲ್ ಕಾನಮನ್ ಮತ್ತು ಆಮೋಸ್ ಟ್ವರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಬರೆದು ತೋರಿಸಿದರು. ಅವರ ಮುಂದಿನ ಲೆಕ್ಕದಲ್ಲಿ ಅದು ಸುಮಾರು ಎರಡು ಪಟ್ಟು. ಕಾನಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಐದು ವರ್ಷ ತಕರಾರಿಲ್ಲದೆ ನಡೆದ ಲ್ಯಾಪ್‌ಟಾಪ್ ಬಗ್ಗೆ ಮದುವೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಕೈಕೊಟ್ಟದ್ದರ ಬಗ್ಗೆ ಊಟದ ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೂ ಮಾತು ನಡೆಯುತ್ತದೆ. ಅಮೆರಿಕದ ರಿಚರ್ಡ್ ನಿಸ್ಬೆಟ್ ಮತ್ತು ಸಂಗಡಿಗರು 1976ರಲ್ಲಿ ಇದನ್ನು ಕಾರಿನ ಉದಾಹರಣೆಯಿಂದ ವಿವರಿಸಿದ್ದರು. ಗ್ರಾಹಕ ಪತ್ರಿಕೆಯೊಂದು ನೂರಾರು ಮಾಲೀಕರನ್ನು ಕೇಳಿ ವೋಲ್ವೊ ಒಳ್ಳೆಯ ಕಾರು ಎಂದು ಹೇಳಿರುತ್ತದೆ. ಕೊಳ್ಳಲು ಹೊರಟವನಿಗೆ ಒಂದು ಕೂಟದಲ್ಲಿ ಪರಿಚಯದವನೊಬ್ಬ ಸಿಕ್ಕಿ, ನನ್ನ ಭಾವಮೈದುನನ ವೋಲ್ವೊ ಹೀಗೆಲ್ಲ ಕೆಟ್ಟಿತು ಎನ್ನುತ್ತಾನೆ. ಲೆಕ್ಕದ ಪ್ರಕಾರ ಆ ನೂರಾರು ಜನಕ್ಕೆ ಒಬ್ಬ ಸೇರಿದ, ಅಷ್ಟೇ. ಆದರೆ ಕೊಳ್ಳುವವನ ಮನಸ್ಸಿನಲ್ಲಿ ಆ ಒಬ್ಬನೇ ಉಳಿಯುತ್ತಾನೆ. ಅಲ್ಲಿಯೂ ಭಾವಮೈದುನನೇ ಆಗಿದ್ದ ಎಂಬುದು ನಮ್ಮವರಿಗೆ ಸ್ವಲ್ಪ ಸಮಾಧಾನ ಕೊಡಬಹುದು.

ಹಾಗಾದರೆ ಕಂಪನಿ ಕಂಪನಿಗಳ ನಡುವೆ ವ್ಯತ್ಯಾಸವೇ ಇಲ್ಲವೇ? ಇದೆ. ಆದರೆ ನಾವು ಅಂದುಕೊಂಡಷ್ಟಿಲ್ಲ. ಸ್ಕ್ವೇರ್‌ಟ್ರೇಡ್ ಎಂಬ ಅಮೆರಿಕದ ವಾರಂಟಿ ಕಂಪನಿ 2009ರಲ್ಲಿ ತಾನು ವಾರಂಟಿ ಕೊಟ್ಟಿದ್ದ 30,000 ಲ್ಯಾಪ್‌ಟಾಪ್‌ಗಳ ಲೆಕ್ಕ ತೆಗೆದು ಪ್ರಕಟಿಸಿತು. ಅದರ ಅಂದಾಜಿನಂತೆ ಮೂರು ವರ್ಷದೊಳಗೆ ಯಂತ್ರದೋಷದಿಂದ ಕೆಡುವವು ಆಸುಸ್‌ನಲ್ಲಿ ಶೇ 15.6, ತೊಶಿಬಾದಲ್ಲಿ ಶೇ 15.7. ಪಟ್ಟಿಯ ಕೊನೆಯಲ್ಲಿದ್ದ ಎಚ್‌ಪಿಯಲ್ಲಿ ಶೇ 25.6. ಡೆಲ್, ಲೆನೊವೊ, ಏಸರ್ ನಡುವೆ ಎಲ್ಲೋ ಇದ್ದವು. ಇವು ಹಳೆಯ ಅಂಕಿಗಳು, ಬೇರೆ ದೇಶದವು. ಇಂದು ಯಾವುದನ್ನು ಕೊಳ್ಳಬೇಕೆಂದು ಹೇಳಲು ಇವುಗಳನ್ನು ಕೊಡುತ್ತಿಲ್ಲ. ವ್ಯತ್ಯಾಸದ ಗಾತ್ರ ಎಷ್ಟೆಂದು ತೋರಿಸಲು ಮಾತ್ರ.

ಈಗ ಹತ್ತನೆಯ ತರಗತಿಯ ಗಣಿತದ ಸಂಭವನೀಯತೆ ಪಾಠ ಓದಿದ ನಿಮ್ಮ ಮಗುವನ್ನೇ ಕೂರಿಸಿ ಒಂದು ಲೆಕ್ಕ ಮಾಡಿಸಿ. ನೀವು ಆ ಪಟ್ಟಿಯ ಮೊದಲಿನ ಕಂಪನಿಯದನ್ನು ಕೊಂಡಿರಿ, ನಿಮ್ಮ ನೆರೆಮನೆಯವರು ಕೊನೆಯದನ್ನು ಕೊಂಡರು. ಇಂಥ ನೂರು ಜೋಡಿ ಮನೆಗಳಿವೆ ಎಂದುಕೊಳ್ಳಿ. ಸುಮಾರು 63 ಜೋಡಿಗಳಲ್ಲಿ ಮೂರು ವರ್ಷವಾದರೂ ಎರಡೂ ಕೆಡುವುದಿಲ್ಲ. 4 ಜೋಡಿಗಳಲ್ಲಿ ಎರಡೂ ಕೆಡುತ್ತವೆ. ಉಳಿದ 33ರಲ್ಲಿ ಒಂದು ಮಾತ್ರ ಕೆಡುತ್ತದೆ, ಅದರಲ್ಲೂ 12 ಜೋಡಿಗಳಲ್ಲಿ ಕೆಡುವುದು "ಒಳ್ಳೆಯ" ಕಂಪನಿಯದೇ. ಅಂದರೆ ನಿಮಗೂ ನೆರೆಯವರಿಗೂ ಅನುಭವದಲ್ಲಿ ವ್ಯತ್ಯಾಸ ಕಂಡ ಮೂರು ಸಲದಲ್ಲಿ ಒಂದು ಸಲ, ಕಂಡದ್ದು ಸತ್ಯದ ತದ್ವಿರುದ್ಧ. ಆದರೆ ಆ 12 ಮನೆಯವರು ತಮ್ಮ ಕಣ್ಣಾರೆ ಕಂಡದ್ದನ್ನು ಬಿಟ್ಟು ಬೇರೆ ಯಾವ ಪಟ್ಟಿಯನ್ನೂ ನಂಬುವುದಿಲ್ಲ. ಯಾಕೆ ನಂಬಬೇಕು? ದುಡ್ಡು ಹೋದದ್ದು ಅವರದು.

ಇನ್ನೊಂದು ತಮಾಷೆ ನೋಡಿ. ಆ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿದ್ದ ತೊಶಿಬಾ 2018ರಲ್ಲಿ ತನ್ನ ಲ್ಯಾಪ್‌ಟಾಪ್ ವ್ಯವಹಾರದ ಬಹುಪಾಲನ್ನು ಶಾರ್ಪ್ ಕಂಪನಿಗೆ ಮಾರಿತು, 2020ರಲ್ಲಿ ಉಳಿದದ್ದನ್ನೂ ಕೊಟ್ಟಿತು. ಮೂರನೆಯ ಸ್ಥಾನದ ಸೋನಿ 2014ರಲ್ಲೇ ತನ್ನ ವಾಯೊ ವಿಭಾಗವನ್ನು ಮಾರಿತ್ತು. ಬೆಂಗಳೂರಿನ ವಿಪ್ರೊ ತನ್ನ ಹೆಸರಿನ ಕಂಪ್ಯೂಟರ್ ತಯಾರಿಸುವುದನ್ನು 2013ರಲ್ಲಿ ನಿಲ್ಲಿಸಿತು. ಐಬಿಎಂ ತನ್ನ ಪಿಸಿ ವ್ಯವಹಾರವನ್ನು 2005ರಲ್ಲೇ ಲೆನೊವೊಗೆ ಒಪ್ಪಿಸಿತ್ತು. ಒಳ್ಳೆಯ ಅನುಭವದಿಂದ ಹುಟ್ಟಿದ ನಿಷ್ಠೆಯೂ ಕೆಟ್ಟ ಅನುಭವದಿಂದ ಹುಟ್ಟಿದ ಸಿಟ್ಟಿನಷ್ಟೇ ಕುರುಡಾಗಿರಬಹುದು. ನೀವು ನಂಬಿದ ಹೆಸರಿನ ಹಿಂದೆ ಈಗ ಯಾರಿದ್ದಾರೆ ಎಂಬುದೇ ಬದಲಾಗಿರುತ್ತದೆ.

ಹೆಸರು ಒಂದು, ಒಳಗಿನ ಸರಕು ಬೇರೆ ಎಂಬುದಕ್ಕೆ ಕಂಪ್ಯೂಟರ್ ಲೋಕದಲ್ಲಿ ಬಹಳ ಪ್ರಸಿದ್ಧವಾದ ಕತೆ ಡೆಸ್ಕ್‌ಸ್ಟಾರ್ ಎಂಬ ಹಾರ್ಡ್ ಡಿಸ್ಕಿನದು. 2000ದಲ್ಲಿ ಐಬಿಎಂ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ ಎಂಬ ಮಾದರಿಯನ್ನು ತಂದಿತು. ಆ ಕಾಲಕ್ಕೆ ವೇಗದ್ದು, ಹೆಚ್ಚು ಜಾಗದ್ದು. ಆದರೆ ಒಂದರ ಮೇಲೊಂದು ಕೆಡತೊಡಗಿದವು. ಇದ್ದಕ್ಕಿದ್ದಂತೆ ಟಕ್ ಟಕ್ ಎಂಬ ಸದ್ದು, ಆಮೇಲೆ ಒಳಗಿದ್ದ ಎಲ್ಲ ಕಡತವೂ ಹೋದ ಹಾಗೆಯೇ. ಜನ ಅದಕ್ಕೆ ಡೆತ್‌ಸ್ಟಾರ್ ಎಂದು ಅಡ್ಡಹೆಸರಿಟ್ಟರು. 2001ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ರಾಹಕರು ಒಟ್ಟಾಗಿ ದಾವೆ ಹೂಡಿದರು. ಐಬಿಎಂ ತನ್ನ ಹಾರ್ಡ್ ಡಿಸ್ಕ್ ವಿಭಾಗವನ್ನೇ ಹಿಟಾಚಿಗೆ ಮಾರಿತು. ಹಿಟಾಚಿ ಡೆಸ್ಕ್‌ಸ್ಟಾರ್ ಎಂಬ ಹೆಸರನ್ನು ಬಿಡಲಿಲ್ಲ, ಹಾಗಾಗಿ ಅಡ್ಡಹೆಸರೂ ಬಿಡಲಿಲ್ಲ. ಹತ್ತು ವರ್ಷ ಕಳೆದರೂ, ಆ ಹೆಸರು ಕೇಳಿದರೆ ಬೇಡ ಎನ್ನುವವರು ಇದ್ದೇ ಇದ್ದರು.

ಆದರೆ 2014ರ ಜನವರಿಯಲ್ಲಿ, ಬ್ಯಾಕ್‌ಬ್ಲೇಜ್ ಎಂಬ ಕಡತ ಸಂಗ್ರಹದ ಕಂಪನಿ ತನ್ನಲ್ಲಿ ಹಗಲಿರುಳು ಓಡುತ್ತಿದ್ದ ಸಾವಿರಾರು ಹಾರ್ಡ್ ಡಿಸ್ಕುಗಳಲ್ಲಿ ಯಾವ ಕಂಪನಿಯವು ಎಷ್ಟು ಕೆಟ್ಟವು ಎಂಬ ಲೆಕ್ಕವನ್ನು ಪ್ರಕಟಿಸಿತು. ಅದರಲ್ಲಿ ಅತಿ ಕಡಿಮೆ ಕೆಟ್ಟವು ಹಿಟಾಚಿಯವೇ, ಅವುಗಳಲ್ಲಿ ಡೆಸ್ಕ್‌ಸ್ಟಾರ್ ಹೆಸರಿನವೂ ಇದ್ದವು. ಅದೇ ಕಂಪನಿಯ ಲೆಕ್ಕಗಳಲ್ಲಿ ಸೀಗೇಟ್‌ನ 3 ಟಿಬಿಯ ಒಂದು ಮಾದರಿ ಬಹಳ ಕೆಟ್ಟ ಹೆಸರು ಪಡೆಯಿತು. ಆದರೆ ಅದೇ ಸೀಗೇಟ್‌ನ 4 ಟಿಬಿ ಮಾದರಿ ಅದೇ ಕೋಣೆಯಲ್ಲಿ ಚೆನ್ನಾಗಿಯೇ ನಡೆಯಿತು. ಅಂದರೆ ಕೆಡುವುದು ಕಂಪನಿಯಲ್ಲ, ಒಂದು ಮಾದರಿ, ಒಂದು ಕಾಲದ ತಯಾರಿಕೆ. "ಆ ಕಂಪನಿಯದು ಬೇಡ" ಎನ್ನುವ ನಾವು ಮಾದರಿಯ ಹೆಸರನ್ನು ನೆನಪಿಟ್ಟುಕೊಂಡಿರುವುದಿಲ್ಲ. ಯಾರು ತಾನೇ ಇಟ್ಟುಕೊಂಡಾರು, ಅವುಗಳ ಹೆಸರು ನೋಡಿದರೆ ಔಷಧದ ಚೀಟಿಯ ಹಾಗಿರುತ್ತವೆ.

ಲ್ಯಾಪ್‌ಟಾಪಿನಲ್ಲಿ ಇದು ಇನ್ನೂ ಜಟಿಲ. ಮೇಲೆ ಯಾವ ಕಂಪನಿಯ ಮುದ್ರೆ ಇದ್ದರೂ ಅದನ್ನು ಜೋಡಿಸಿರುವುದು ಹೆಚ್ಚಾಗಿ ಕ್ವಾಂಟಾ, ಕಾಂಪಾಲ್, ವಿಸ್ಟ್ರಾನ್‌ನಂಥ ತೈವಾನ್ ಮೂಲದ ಕಂಪನಿಗಳು. ಪರದೆ ಒಬ್ಬರದು, ಬ್ಯಾಟರಿಯ ಕೋಶ ಇನ್ನೊಬ್ಬರದು. 2006ರ ಆಗಸ್ಟ್‌ನಲ್ಲಿ ಬೆಂಕಿ ಹತ್ತುವ ಅಪಾಯವಿದೆಯೆಂದು ಡೆಲ್ 41 ಲಕ್ಷ ಬ್ಯಾಟರಿಗಳನ್ನು ವಾಪಸು ಕರೆಸಿಕೊಂಡಿತು, ಅದೇ ತಿಂಗಳು ಆಪಲ್ 18 ಲಕ್ಷ. ಎರಡರ ಒಳಗೂ ಇದ್ದವು ಸೋನಿಯ ಕೋಶಗಳು. ಡೆಲ್‌ಗೆ ಬೇಸತ್ತು ಆಪಲ್ ಕೊಂಡವನೂ, ಆಪಲ್‌ಗೆ ಬೇಸತ್ತು ಡೆಲ್ ಕೊಂಡವನೂ ಒಂದೇ ಕಾರ್ಖಾನೆಯ ಕೋಶವನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

ಇಷ್ಟೆಲ್ಲ ಹೇಳಿದರೆ, ನಿಮ್ಮ ಸಿಟ್ಟಿಗೆ ಅರ್ಥವಿಲ್ಲ ಎಂದಂತಾಗುತ್ತದೆ. ಹಾಗಲ್ಲ. ಆ ಸಿಟ್ಟಿನಲ್ಲಿ ಒಂದು ಭಾಗ ಬಹಳ ಬೆಲೆಯುಳ್ಳದ್ದು. ಭಾವನವರ ಕತೆಯನ್ನು ಇನ್ನೊಮ್ಮೆ ಕೇಳಿ ನೋಡಿ. ಯಂತ್ರ ಕೆಟ್ಟದ್ದನ್ನು ಅವರು ಒಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ. ಉಳಿದ ಅರ್ಧ ಗಂಟೆ, ಸರ್ವಿಸ್ ಸೆಂಟರಿಗೆ ನಾಲ್ಕು ಸಲ ಅಲೆಸಿದ್ದು, ಫೋನಿನಲ್ಲಿ ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ್ದು, ನೀರು ಬಿದ್ದಿದೆ ಎಂದು ಸುಳ್ಳು ಹೇಳಿ ವಾರಂಟಿ ತಳ್ಳಿಹಾಕಿದ್ದು, ಕೊನೆಗೆ ನಮಗೆ ಇಂಗ್ಲಿಷ್ ಬರುವುದಿಲ್ಲ ಎಂದು ಸಸಾರ ಮಾಡಿದ್ದು. ಯಂತ್ರ ಎಂದಾದರೂ ಕೆಡುತ್ತದೆ, ಅದನ್ನು ರೈತ ಮನೆಗೆ ಯಾರೂ ಹೇಳಿಕೊಡಬೇಕಿಲ್ಲ. ಪಂಪ್‌ಸೆಟ್ಟೂ ಸುಡುತ್ತದೆ. ಮನಸ್ಸಿಗೆ ತಾಗುವುದು ಕೆಟ್ಟಾಗ ನಮ್ಮನ್ನು ನಡೆಸಿಕೊಂಡ ರೀತಿ.

ಡೆಲ್ ಕಂಪನಿಯ ಕತೆ ಇಲ್ಲಿ ಪಾಠದಂತಿದೆ. 2003ರಿಂದ 2005ರವರೆಗೆ ಅದು ಮಾರಿದ ಆಪ್ಟಿಪ್ಲೆಕ್ಸ್ ಎಂಬ ಡೆಸ್ಕ್‌ಟಾಪ್‌ಗಳಲ್ಲಿ ಬಹಳಷ್ಟರ ಮದರ್‌ಬೋರ್ಡಿನ ಕೆಪಾಸಿಟರ್‌ಗಳು ಉಬ್ಬಿ ಒಡೆದು ದ್ರವ ಸೋರಿಸುತ್ತಿದ್ದವು. ಬೆರಳುಗುರಿನಷ್ಟು ದೊಡ್ಡ ಆ ಬಿಡಿಭಾಗವನ್ನು ಡೆಲ್ ತಯಾರಿಸಿರಲಿಲ್ಲ. ಆ ವರ್ಷಗಳಲ್ಲಿ ಕೆಟ್ಟ ಕೆಪಾಸಿಟರ್‌ಗಳ ಕಾಟ ಆಪಲ್, ಎಚ್‌ಪಿಗಳಿಗೂ ತಟ್ಟಿತ್ತು. ರಿಪೇರಿ ಮತ್ತು ಬದಲಾವಣೆಗೆಂದು ಡೆಲ್ 2005ರಲ್ಲಿ 30 ಕೋಟಿ ಡಾಲರ್ ತೆಗೆದಿಟ್ಟಿತು. ಅಲ್ಲಿಗೆ ಮುಗಿದಿದ್ದರೆ ಜನ ಮರೆಯುತ್ತಿದ್ದರೋ ಏನೋ. ಆದರೆ ಒಂದು ಗ್ರಾಹಕ ಕಂಪನಿ ಹೂಡಿದ ದಾವೆಯ ದಾಖಲೆಗಳು 2010ರಲ್ಲಿ ಬಯಲಾದಾಗ ತಿಳಿದದ್ದು ಬೇರೆ. ದೋಷ ಗೊತ್ತಿದ್ದೂ ಗ್ರಾಹಕರ ಮುಂದೆ ಅದನ್ನು ಮರೆಮಾಚುವಂತೆ ಸಿಬ್ಬಂದಿಗೆ ಸೂಚನೆಗಳಿದ್ದವು. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಯಂತ್ರಗಳು ಕೆಟ್ಟಾಗ, ನೀವು ಅವುಗಳಿಂದ ಕಷ್ಟದ ಗಣಿತ ಲೆಕ್ಕಗಳನ್ನು ಮಾಡಿಸಿ ದಣಿಸಿದ್ದೀರಿ ಎಂದು ಕಂಪನಿ ಹೇಳಿತ್ತಂತೆ. ಲೆಕ್ಕ ಮಾಡಲೆಂದೇ ಹುಟ್ಟಿದ ಯಂತ್ರಕ್ಕೆ ಲೆಕ್ಕ ಕೊಟ್ಟದ್ದು ತಪ್ಪು! ಜಗತ್ತಿನಲ್ಲಿ ಮೊದಲ ಸ್ಥಾನದಲ್ಲಿದ್ದ ಡೆಲ್ ಅನ್ನು 2006ರ ಕೊನೆಯ ಹೊತ್ತಿಗೆ ಎಚ್‌ಪಿ ಹಿಂದೆ ಹಾಕಿತು. ಅದಕ್ಕೆ ಕೆಪಾಸಿಟರ್ ಒಂದೇ ಕಾರಣವಲ್ಲ, ಆದರೆ ಗ್ರಾಹಕ ಸೇವೆಯ ಬಗ್ಗೆ ಎದ್ದ ಅಸಮಾಧಾನ ದೊಡ್ಡ ಕಾರಣಗಳಲ್ಲಿ ಒಂದು.

ಇದಕ್ಕೆ ಎದುರಾಗಿ ಇಂಟೆಲ್. 1994ರಲ್ಲಿ ಅದರ ಪೆಂಟಿಯಂ ಚಿಪ್ ಕೆಲವು ಭಾಗಾಕಾರಗಳನ್ನು ತಪ್ಪಾಗಿ ಮಾಡುತ್ತದೆ ಎಂದು ಥಾಮಸ್ ನೈಸ್ಲಿ ಎಂಬ ಗಣಿತದ ಪ್ರಾಧ್ಯಾಪಕರು ಕಂಡುಹಿಡಿದರು. ಮೊದಮೊದಲು ಇಂಟೆಲ್ ಕೂಡ, ನಿಮಗೆ ನಿಜವಾಗಿ ತೊಂದರೆಯಾಗುತ್ತದೆ ಎಂದು ತೋರಿಸಿದರೆ ಬದಲಿಸಿಕೊಡುತ್ತೇವೆ ಎಂದು ಬಿಗುಮಾನ ಮಾಡಿತು. ಜನ ಕೆರಳಿದರು. ಡಿಸೆಂಬರ್ 20ರಂದು ಮಣಿದು, ಕೇಳಿದ ಎಲ್ಲರಿಗೂ ಯಾವ ಪ್ರಶ್ನೆಯೂ ಇಲ್ಲದೆ ಬದಲಿಸಿಕೊಡುವುದಾಗಿ ಸಾರಿತು. ಅದಕ್ಕೆ ತಗುಲಿದ್ದು 47.5 ಕೋಟಿ ಡಾಲರ್. ಆಮೇಲೆ ಇಂಟೆಲ್ ಹೆಸರು ಕುಗ್ಗಲಿಲ್ಲ, ಹಿಗ್ಗಿತು. ಕೆಟ್ಟದ್ದನ್ನು ಚೆನ್ನಾಗಿ ಸರಿಪಡಿಸಿಕೊಟ್ಟರೆ ಗ್ರಾಹಕ ಮೊದಲಿಗಿಂತ ಹೆಚ್ಚು ನಂಬುತ್ತಾನೆ ಎಂದು ಮಾರುಕಟ್ಟೆ ಶಾಸ್ತ್ರದವರು ಕೆಲವರು ಹೇಳುತ್ತಾರೆ. ಎಲ್ಲ ಸಂಶೋಧಕರೂ ಇದನ್ನು ಒಪ್ಪುವುದಿಲ್ಲ. ಆದರೆ ಎರಡನೆಯ ಸಲವೂ ಕೈಕೊಟ್ಟರೆ ಆ ನಂಬಿಕೆ ಪೂರಾ ಹೋಗುತ್ತದೆ ಎಂಬುದನ್ನು ತಿಳಿಯಲು ಸಂಶೋಧನೆ ಬೇಕಿಲ್ಲ.

ಆದ್ದರಿಂದ ನಿಮ್ಮ ಮನೆಯ ಹಳೆಯ ಸಿಟ್ಟನ್ನು ಎಸೆಯಬೇಡಿ, ಬಿಡಿಸಿ ನೋಡಿ. ಅದರಲ್ಲಿ ಯಂತ್ರದ ಪಾಲೆಷ್ಟು, ಸೇವೆಯ ಪಾಲೆಷ್ಟು? ಯಂತ್ರದ ಬಗೆಗಿನ ಸಿಟ್ಟು ಎಂಟು ವರ್ಷ ಹಳೆಯದಾದರೆ ಈಗ ಕೆಲಸಕ್ಕೆ ಬಾರದು, ಆ ಮಾದರಿ ಎಂದೋ ನಿಂತುಹೋಗಿದೆ. ಸೇವೆಯ ಬಗೆಗಿನ ಸಿಟ್ಟು ಹಾಗಲ್ಲ. ಅದೇ ಪಟ್ಟಣದಲ್ಲಿ ಅದೇ ಕಂಪನಿಯ ಸರ್ವಿಸ್ ಸೆಂಟರನ್ನು ಅದೇ ಜನ ಇಂದಿಗೂ ನಡೆಸುತ್ತಿದ್ದರೆ, ನಿಮ್ಮ ಅನುಭವ ಯಾವ ಅಮೆರಿಕದ ಪಟ್ಟಿಗಿಂತಲೂ ಹೆಚ್ಚು ನಂಬಬಹುದಾದದ್ದು.

ಗಡಿಯವರಿಗೆ ಈ ವಿಷಯ ಇನ್ನಷ್ಟು ಮುಖ್ಯ. ಬೆಂಗಳೂರಿನಲ್ಲಿ ಕುಳಿತವರು "ಯಾವ ಕಂಪನಿಯಾದರೂ ಒಂದೇ" ಎಂದು ಸುಲಭವಾಗಿ ಹೇಳಬಹುದು, ಅವರಿಗೆ ಸರ್ವಿಸ್ ಸೆಂಟರ್ ಮೆಟ್ರೊ ದೂರದಲ್ಲಿದೆ. ತಾಳವಾಡಿಯವರು ತಮ್ಮ ಜಿಲ್ಲಾ ಕೇಂದ್ರ ಈರೋಡಿಗೆ ಹೋಗಬೇಕೆಂದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಕೊಂಡದ್ದು ಚಾಮರಾಜನಗರದಲ್ಲಿ, ವಾರಂಟಿಯ ವಿಳಾಸ ತಮಿಳುನಾಡಿನದು, ಫೋನ್ ಮಾಡಿದರೆ ಪಿನ್‌ಕೋಡ್ ನೋಡಿ ಈರೋಡಿನ ಕಡೆ ಕೈತೋರಿಸುತ್ತಾರೆ. ಜತ್ತದವರನ್ನು ಸಾಂಗ್ಲಿಗೆ, ಆದವಾನಿಯವರನ್ನು ಕರ್ನೂಲಿಗೆ ಕಳಿಸುತ್ತಾರೆ. ಆದ್ದರಿಂದ ಕೊಳ್ಳುವ ಮೊದಲೇ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ನಿಮ್ಮ ಮನೆಯ ಪಿನ್‌ಕೋಡ್ ಹೇಳಿ: ಇಲ್ಲಿಗೆ ಮನೆಗೇ ಬಂದು ಸರಿಮಾಡಿಕೊಡುವ ಆನ್‌ಸೈಟ್ ಸೇವೆ ಇದೆಯೇ, ಇಲ್ಲ ನಾವೇ ಹೊತ್ತು ತರಬೇಕೇ, ತರಬೇಕಾದರೆ ಎಲ್ಲಿಗೆ, ಪಕ್ಕದ ರಾಜ್ಯದ ಸರ್ವಿಸ್ ಸೆಂಟರಿನಲ್ಲಿ ತೆಗೆದುಕೊಳ್ಳುತ್ತಾರೆಯೇ? ಆ ಕರೆಗೆ ಅವರು ಎಷ್ಟು ಬೇಗ, ಎಷ್ಟು ಮರ್ಯಾದೆಯಿಂದ ಉತ್ತರಿಸುತ್ತಾರೆ ಎಂಬುದನ್ನೂ ಗಮನಿಸಿ. ಇನ್ನೂ ದುಡ್ಡು ಕೊಡದವರೊಡನೆಯೇ ಸರಿಯಾಗಿ ಮಾತಾಡದವರು ಕೊಟ್ಟ ಮೇಲೆ ಮಾತಾಡುತ್ತಾರೆಯೇ?

ಸರ್ಕಾರಗಳು ದೊಡ್ಡ ಪ್ರಮಾಣದಲ್ಲಿ ಕೊಳ್ಳುವಾಗ ಮಾಡುವುದೂ ಇದನ್ನೇ. ಕೇರಳದ ಶಾಲೆಗಳಿಗೆ ಹೈಟೆಕ್ ಯೋಜನೆಯಲ್ಲಿ ಕೈಟ್ ಸಂಸ್ಥೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಒದಗಿಸಿದಾಗ ಐದು ವರ್ಷದ ವಾರಂಟಿಯನ್ನು ಕರಾರಿನಲ್ಲೇ ಸೇರಿಸಿತ್ತು. ಮಂಜೇಶ್ವರ, ಕುಂಬಳೆಯ ಕನ್ನಡ ಮಾಧ್ಯಮ ಶಾಲೆಗಳಿಗೂ ಬಂದದ್ದು ಅದೇ. ನಮಗೆ ನಿಮಗೆ ಸಿಗುವುದು ಹೆಚ್ಚಾಗಿ ಒಂದು ವರ್ಷ. ದುಡ್ಡು ಸೇರಿಸಿ ಮೂರು ವರ್ಷಕ್ಕೆ ಏರಿಸಿಕೊಳ್ಳುವ ಅವಕಾಶವನ್ನು ಬಹಳ ಕಂಪನಿಗಳು ಕೊಡುತ್ತವೆ. ಡಿಪ್ಲೊಮಾ ಮೂರು ವರ್ಷ. ಸ್ವಲ್ಪ ಕಡಿಮೆ ಬೆಲೆಯ ಮಾದರಿ ತೆಗೆದುಕೊಂಡು ಉಳಿದ ದುಡ್ಡನ್ನು ವಾರಂಟಿಗೆ ಹಾಕುವುದು, ಮೇಲಿನ ಮುದ್ರೆಗಾಗಿ ಹೆಚ್ಚು ಕೊಡುವುದಕ್ಕಿಂತ ಲೇಸು ಎಂಬುದು ನನ್ನ ಅಭಿಪ್ರಾಯ.

ತಮಿಳುನಾಡಿನಲ್ಲಿ 2011ರಿಂದ ಕೆಲವು ವರ್ಷ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಹನ್ನೆರಡನೆಯ ತರಗತಿಯ ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಸಿಕ್ಕಿತು. ಕಂಪನಿ ಟೆಂಡರಿನಂತೆ ಬದಲಾಗುತ್ತಿತ್ತು. ಒಂದು ವರ್ಷ ಒಂದು ಊರಿನ ಎಲ್ಲ ಮಕ್ಕಳ ಕೈಯಲ್ಲೂ ಒಂದೇ ಮಾದರಿ ಇದ್ದರೆ ಏನಾಗುತ್ತದೆ ನೋಡಿ. ಐವತ್ತರಲ್ಲಿ ಹತ್ತು ಕೆಟ್ಟರೂ "ಊರಿಗೆ ಊರೇ ಕೆಟ್ಟವು" ಎಂಬ ಮಾತು ಹುಟ್ಟುತ್ತದೆ. ಸರಿಯಾಗಿದ್ದ ನಲವತ್ತು ಮನೆಯೊಳಗೆ ಸದ್ದಿಲ್ಲದೆ ನಡೆಯುತ್ತಿರುತ್ತವೆ. ಆ ಮಾತು ಕೇಳಿ ಬೆಳೆದ ತಮ್ಮ ತಂಗಿಯರು ಈಗ ಕಾಲೇಜಿಗೆ ಹೊರಟಿದ್ದಾರೆ, ಅವರಿಗೆ ಆ ಕಂಪನಿಯ ಹೆಸರು ಹೇಳಿ ನೋಡಿ.

ಕನ್ನಡ ಮಾಧ್ಯಮದ ಮನೆಗಳಲ್ಲಿ ಇನ್ನೊಂದು ವಿಶೇಷ ಕಾರಣಕ್ಕೂ ಕಂಪನಿಗಳಿಗೆ ಕೆಟ್ಟ ಹೆಸರು ಬಂದಿದೆ: "ಆ ಕಂಪ್ಯೂಟರಿನಲ್ಲಿ ಕನ್ನಡ ಬರುವುದಿಲ್ಲ." ಶಾಲೆಯಿಂದ ಪೆನ್ ಡ್ರೈವ್‌ನಲ್ಲಿ ತಂದ ಪ್ರಶ್ನೆಪತ್ರಿಕೆ ತೆರೆದರೆ ಅಕ್ಷರದ ಬದಲು ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟುಗಳ ಗೊಂದಲ. ಇದು ಕಂಪನಿಯ ದೋಷವಲ್ಲ. ಹಿಂದೆ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಕಡತಗಳು ಆ ಫಾಂಟ್ ಹಾಕಿರದ ಯಾವ ಯಂತ್ರದಲ್ಲೂ ಹೀಗೆಯೇ ಕಾಣುತ್ತವೆ, ಒಂದೂಕಾಲು ಲಕ್ಷದ ಯಂತ್ರವಾದರೂ ಅಷ್ಟೇ. ಯೂನಿಕೋಡ್‌ನಲ್ಲಿ ಬರೆದದ್ದಾದರೆ ಈಗಿನ ವಿಂಡೋಸ್, ಲಿನಕ್ಸ್ ಎರಡರಲ್ಲೂ ಏನೂ ಸೇರಿಸದೆ ತೆರೆದುಕೊಳ್ಳುತ್ತದೆ. ಕನ್ನಡ ಕೀಲಿಮಣೆಯನ್ನು ಸೆಟ್ಟಿಂಗ್ಸ್‌ನ ಭಾಷೆಯ ಪುಟದಲ್ಲಿ ಒಮ್ಮೆ ಆರಿಸಿಕೊಂಡರೆ ಸಾಕು. ಅಂಗಡಿಯಲ್ಲೇ ಮಗುವಿನ ಕೈಯಿಂದ "ಕ್ಷೇತ್ರ", "ಸೂರ್ಯ", "ಜ್ಞಾನ" ಎಂದು ಮೂರು ಪದ ಹೊಡೆಸಿ ನೋಡಿ. ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಕೂತರೆ ಆಯಿತು. ಕನ್ನಡ ಬರುವುದಿಲ್ಲ ಎಂಬ ಒಂದು ಕೆಟ್ಟ ಅನುಭವದಿಂದ ಕಂಪನಿ ಬದಲಿಸಿದರೆ ನಷ್ಟ ದುಡ್ಡಿನದು ಮಾತ್ರ. ಆದರೆ ಎಷ್ಟೋ ಮನೆಗಳಲ್ಲಿ ಜನ ಬದಲಿಸಿದ್ದು ಭಾಷೆಯನ್ನೇ, ಕಂಪ್ಯೂಟರಿಗೆ ಇಂಗ್ಲಿಷೇ ಸರಿ ಎಂದುಕೊಂಡು. ಬೆಕ್ಕು ಹಾಲು ಬಿಟ್ಟದ್ದು ಇಲ್ಲಿ ನಿಜವಾಗಿ ಕಾಣುತ್ತದೆ.

ಹಾಗೆಯೇ ವಿದ್ಯುತ್ತಿನದು. ಹಳ್ಳಿಯ ಮನೆಯಲ್ಲಿ ವೋಲ್ಟೇಜ್ ಏರಿಳಿದು ಅಡಾಪ್ಟರ್ ಸುಟ್ಟರೆ, ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಹಾಕಿ ಲೋಹದ ಮೈ ಮುಟ್ಟಿದಾಗ ಜುಮ್ಮೆಂದರೆ, ಬೈಗುಳ ಕಂಪನಿಗೆ. ಒಂದು ಒಳ್ಳೆಯ ಸರ್ಜ್ ಪ್ರೊಟೆಕ್ಟರ್, ಸರಿಯಾದ ಅರ್ಥಿಂಗ್ ಇದ್ದರೆ ಈ ಬಗೆಯ ತಕರಾರು ಬಹಳಷ್ಟು ತಪ್ಪುತ್ತದೆ.

ಇಷ್ಟಾದರೂ ಕೆಟ್ಟರೆ, ಸೇವೆಯೂ ಸಿಗದಿದ್ದರೆ? ಸಿಟ್ಟು ಮಾಡಿಕೊಂಡು ಮುಂದಿನ ಸಲ ಬೇರೆ ಕಂಪನಿಗೆ ಹೋಗುವುದೊಂದೇ ದಾರಿಯಲ್ಲ. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಗಡಿನಾಡಿನವರಿಗೆ ಒಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ಹಿಂದಿನ 1986ರ ಕಾಯ್ದೆಯಲ್ಲಿ ಮಾರಿದವನು ಇರುವ ಊರಿನಲ್ಲೋ ವ್ಯವಹಾರ ನಡೆದ ಊರಿನಲ್ಲೋ ದೂರು ಕೊಡಬೇಕಿತ್ತು. ಈಗ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಂಗಳೂರಿನಲ್ಲಿ ಕೊಂಡರೂ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ, ಕಲಬುರಗಿಯಲ್ಲಿ ಕೊಂಡ ಅಕ್ಕಲಕೋಟೆಯವರು ಸೊಲ್ಲಾಪುರದ ಆಯೋಗಕ್ಕೆ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದಿಲ್ಲ, ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಕೊಟ್ಟರಾಯಿತು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅಲ್ಲಿಂದ ದೂರು ಕಂಪನಿಗೆ ಹೋದ ಕೂಡಲೇ, ಅದುವರೆಗೆ ಫೋನ್ ಎತ್ತದವರು ತಾವಾಗಿಯೇ ಫೋನ್ ಮಾಡುವುದುಂಟು.

ಇದಕ್ಕೆಲ್ಲ ಬೇಕಾದದ್ದು ಬಿಲ್ಲು. ಲ್ಯಾಪ್‌ಟಾಪಿನ ಕೆಳಗಿರುವ ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಊರು ಕೇಳಿದರೆ ಗಡಿಯಾಚೆಯ ನಿಮ್ಮ ಮನೆಯ ವಿಳಾಸವನ್ನೇ ಕೊಡಿ. ಅಂಗಡಿಗಳ ಬಿಲ್ಲು ಈಗ ಹೆಚ್ಚಾಗಿ ಬಿಸಿಗೆ ಅಚ್ಚಾಗುವ ಕಾಗದದ್ದು, ಬೀರುವಿನಲ್ಲಿಟ್ಟರೂ ವರ್ಷ ಎರಡು ವರ್ಷದಲ್ಲಿ ಅಕ್ಷರ ಮಾಸಿ ಬಿಳಿ ಹಾಳೆಯಾಗುತ್ತದೆ. ತಂದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದು, ಒಂದು ಝೆರಾಕ್ಸ್ ಮಾಡಿಸಿ, ಮಗಳ ಅಂಕಪಟ್ಟಿ ಇಟ್ಟಿರುವ ಫೈಲಿನಲ್ಲೇ ಸೇರಿಸಿಡಿ.